ಕಟ್ಟಳೆಗಿಂತ ಕರುಣೆ ದೊಡ್ಡದು

ಸಕಲೇಶಪುರದ ಬೆಟ್ಟಗಳ ನಡುವೆ ಹರಿದು, ಆಲೂರು ಸೀಮೆಯನ್ನು ಹಾದು ಗೊರೂರಿನತ್ತ ಸಾಗುವ ಹೇಮಾವತಿಯ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಪಾಳು ಇಗರ್ಜಿ ನಿಂತಿದೆ. ಮಳೆಗಾಲದಲ್ಲಿ ಅರ್ಧ ಮುಳುಗುವ ಅದರ ಗೋಡೆಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಆದರೆ ಈ ಸೀಮೆಯ ಕ್ರೈಸ್ತರ ಕಥೆ ಆ ಇಗರ್ಜಿಗಿಂತ ಹಳೆಯದು. ಹಾಸನದ ಸಮೀಪದ ಸಾತಹಳ್ಳಿಯಲ್ಲಿ ನೆಲೆಯೂರಿದ ಫ್ರೆಂಚ್ ಪಾದ್ರಿಯೊಬ್ಬರ ಹೆಸರು ಅದರೊಂದಿಗೆ ಬೆಸೆದುಕೊಂಡಿದೆ. ಅವರು ಅಬ್ಬೆ ದುಬಾಯ್. ಇಲ್ಲಿನ ಜನರ ಬಾಯಲ್ಲಿ 'ದೊಡ್ಡಸ್ವಾಮಿ'.

ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ, 1792ರಲ್ಲಿ, ತಾಯ್ನಾಡು ಬಿಟ್ಟು ಬಂದ ದುಬಾಯ್ ದಕ್ಷಿಣ ಭಾರತದಲ್ಲಿ ಮೂವತ್ತು ವರ್ಷ ಕಳೆದರು. ಇಲ್ಲಿನವರ ಉಡುಗೆ ತೊಟ್ಟರು, ಇಲ್ಲಿನವರಂತೆ ಉಂಡರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅಲ್ಲಿನ ಕ್ರೈಸ್ತರ ನಡುವೆ ಕೆಲಸ ಮಾಡಲು ಬಂದಾಗ ಅವರೆದುರಿಗೆ ಒಂದು ಕಠಿಣ ಪ್ರಶ್ನೆಯಿತ್ತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದಿಂದ ಸೆರೆಯಾಗಿ ಬಂದಿದ್ದ ಕ್ರೈಸ್ತರಲ್ಲಿ ಅನೇಕರು ಬಲವಂತದ ಮತಾಂತರಕ್ಕೆ ಒಳಗಾಗಿದ್ದರು. ಪ್ರಾಣಭಯದಿಂದ ಧರ್ಮ ಬಿಟ್ಟವರನ್ನು ಮರಳಿ ಸೇರಿಸಿಕೊಳ್ಳಬಹುದೇ?

ಈ ಪ್ರಶ್ನೆ ಹೊಸದೇನಲ್ಲ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞಾಪಿಸಿದಾಗ ಹಲವು ಕ್ರೈಸ್ತರು ಅಂಜಿ ಮಣಿದಿದ್ದರು. ಅಂಥವರಿಗೆ ಸಭೆಯಲ್ಲಿ ಕ್ಷಮೆಯೇ ಇಲ್ಲವೆಂದು ನೊವೇಷಿಯನ್ ಪಟ್ಟು ಹಿಡಿದ. ಪಶ್ಚಾತ್ತಾಪಪಟ್ಟವರಿಗೆ ಬಾಗಿಲು ಮುಚ್ಚಬಾರದೆಂಬ ನಿಲುವು ಕೊನೆಗೆ ಗೆದ್ದಿತು. ದುಬಾಯ್ ನಡೆದದ್ದೂ ಅದೇ ಹಾದಿಯಲ್ಲಿ. ಮರಳಿ ಬಂದವರನ್ನು ಅವರು ಸೇರಿಸಿಕೊಂಡರು. ನೆಲೆ ತಪ್ಪಿದ ಬಡ ಕುಟುಂಬಗಳಿಗೆ ಪ್ರಾರ್ಥನೆಯ ಜೊತೆಗೆ ಅನ್ನದ ದಾರಿಯೂ ಬೇಕೆಂದು ಬೇಸಾಯದ ವಸಾಹತುಗಳನ್ನು ಕಟ್ಟಿದರು. ಸಾತಹಳ್ಳಿ ಅವುಗಳ ಕೇಂದ್ರವಾಯಿತು.

ಸಿಡುಬಿನ ವಿಷಯದಲ್ಲೂ ಅವರದು ಇದೇ ನಡೆ. ಜೆನ್ನರ್ ತನ್ನ ಲಸಿಕೆಯ ವಿವರ ಪ್ರಕಟಿಸಿದ್ದು 1798ರಲ್ಲಿ. ಅದು ಮುಂಬಯಿಗೆ ತಲುಪಿದ್ದು 1802ರಲ್ಲಿ. ಆಗ ಲಸಿಕೆಯನ್ನು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸಬೇಕಿತ್ತು. ಮಾರಮ್ಮನ ಮುನಿಸಿನ ಭಯ ಒಂದೆಡೆ, ಮೈಲಿಗೆಯ ಭಯ ಇನ್ನೊಂದೆಡೆ. ಇಷ್ಟೆಲ್ಲದರ ನಡುವೆ 1803-04ರಲ್ಲಿ ಮೈಸೂರು ಸೀಮೆಯಲ್ಲಿ ದುಬಾಯ್ ಅವರ ಉಸ್ತುವಾರಿಯಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ಲಸಿಕೆ ಬಿತ್ತು.

ಆದರೆ ಕಟ್ಟಳೆ ಸಡಿಲಿಸಿದ್ದೆಲ್ಲವೂ ಕರುಣೆಯೇ? ಇಲ್ಲಿ ಕಥೆ ತೊಡಕಾಗುತ್ತದೆ. ದುಬಾಯ್ ಅವರಿಗಿಂತ ಮೊದಲು ದಕ್ಷಿಣದಲ್ಲಿದ್ದ ಜೆಸ್ವಿಟ್ ಪಾದ್ರಿಗಳು ಸ್ಥಳೀಯ ಆಚಾರಗಳಿಗೆ ಹೊಂದಿಕೊಂಡಿದ್ದರು. ದೀಕ್ಷಾಸ್ನಾನದಲ್ಲಿ ಪಾದ್ರಿ ತನ್ನ ಉಗುಳನ್ನು ಮುಟ್ಟಿಸುವ ವಿಧಿಯೊಂದಿತ್ತು. ಎಂಜಲೆಂದರೆ ಹೇಸುವ ಜನರ ನಡುವೆ ಅವರು ಅದನ್ನು ಕೈಬಿಟ್ಟರು. 1704ರಲ್ಲಿ ಪೋಪರ ಪ್ರತಿನಿಧಿ ಟೂರ್ನೋ ಪಾಂಡಿಚೇರಿಯಲ್ಲಿ ಇಂಥ ರಿಯಾಯಿತಿಗಳನ್ನು ನಿಷೇಧಿಸಿದ. ದೀರ್ಘ ವಿವಾದದ ನಂತರ 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ತೀರ್ಪನ್ನು ಬಿಗಿಗೊಳಿಸಿದರು.

ಎಂಜಲಿನ ವಿಷಯದಲ್ಲಿ ರೋಮಿನ ಹಟ ಇಂದು ವಿಚಿತ್ರವಾಗಿ ಕಾಣುತ್ತದೆ. ಆದರೆ ಅದೇ ಆಜ್ಞೆಗಳಲ್ಲಿ ಇನ್ನೊಂದು ಮಾತಿತ್ತು: ಸಾಯುತ್ತಿರುವ ಅಸ್ಪೃಶ್ಯನ ಗುಡಿಸಲಿಗೂ ಪಾದ್ರಿ ಹೋಗಲೇಬೇಕು. ಮೇಲ್ಜಾತಿಯ ಕ್ರೈಸ್ತರು ದೂರವಾದಾರೆಂದು ಹೊಸ್ತಿಲಾಚೆ ನಿಂತಿದ್ದ ಪಾದ್ರಿಗಳಿಗೆ ಕೊಟ್ಟ ಎಚ್ಚರಿಕೆ ಅದು. ಇಲ್ಲಿ ಕರುಣೆ ಇದ್ದದ್ದು ಕಟ್ಟಳೆಯ ಒಳಗೇ, ಕಠಿಣವಾಗಿದ್ದದ್ದು ರಿಯಾಯಿತಿ.

ಸಕಲೇಶಪುರ ಆಗ ಮಂಜರಾಬಾದ್ ತಾಲ್ಲೂಕಿಗೆ ಸೇರಿತ್ತು. ಆ ಸೀಮೆಯ ಕಾಫಿ ಬೆಳೆಗಾರ ರಾಬರ್ಟ್ ಎಲಿಯಟ್ 1871ರಲ್ಲಿ ಪ್ರಕಟಿಸಿದ ತನ್ನ ಅನುಭವ ಕಥನದಲ್ಲಿ, ಜಾತಿ ಬಿಡಬೇಕೆಂಬ ಷರತ್ತನ್ನು ಮಿಷನರಿಗಳು ಹೇರಬಾರದೆಂದು ವಾದಿಸಿದ. ಕೇಳಲು ಉದಾರವಾದ ಮಾತು. ಆದರೆ ಕಾಫಿ ತೋಟಗಳಲ್ಲಿ ದುಡಿಯುತ್ತಿದ್ದ ಅಸ್ಪೃಶ್ಯ ಕೂಲಿಯಾಳುಗಳ ಕಡೆಯಿಂದ ನೋಡಿದರೆ ಆ ಔದಾರ್ಯದ ಬೆಲೆ ತೆರಬೇಕಾದವರು ಯಾರೆಂಬುದು ತಿಳಿಯುತ್ತದೆ.

ದುಬಾಯ್ ಕೂಡ ಜಾತಿಕಟ್ಟನ್ನು ಮುರಿಯಹೊರಟವರಲ್ಲ. 1823ರಲ್ಲಿ ಭಾರತ ಬಿಟ್ಟು ಹೋದ ಅವರು, ಹಿಂದೂಗಳ ಮತಾಂತರ ಆಗುಹೋಗುವ ಕೆಲಸವಲ್ಲವೆಂದು ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ಬರೆದರು. ಮತ ಹಬ್ಬಿಸುವುದರಲ್ಲಿ ತಾವು ಸೋತೆವೆಂದು ಬಗೆದ ವ್ಯಕ್ತಿಯನ್ನು ಹಾಸನದ ಹಳ್ಳಿಗಳು ಮಾತ್ರ ಬಹುಕಾಲ ನೆನೆದವು. ಹೊಲವೂ ಲಸಿಕೆಯೂ ತೆರೆದ ಬಾಗಿಲೂ ಆ ನೆನಪನ್ನು ಉಳಿಸಿದವು.

ಮಲಬಾರ್ ಆಚಾರಗಳ ವಿರುದ್ಧ ಮಿಷನರಿಗಳು ಮಾಡಬೇಕಿದ್ದ ಪ್ರಮಾಣವನ್ನು ರೋಮ್ 1940ರಲ್ಲಿ ಕೈಬಿಟ್ಟಿತು. ಸಬ್ಬತ್ತಿನ ದಿನ ರೋಗಿಯನ್ನು ಗುಣಪಡಿಸಿದ್ದಕ್ಕೆ ಯೇಸುವಿನ ಮೇಲೆ ಆಕ್ಷೇಪ ಬಂದದ್ದನ್ನು ಸುವಾರ್ತೆಗಳು ಹೇಳುತ್ತವೆ. ಅಲ್ಲಿ ಕಟ್ಟಳೆ ಮುರಿದದ್ದು ಎದುರಿಗಿದ್ದ ನೋವಿಗಾಗಿ. ಊರ ದೊಡ್ಡವರ ಅನುಕೂಲಕ್ಕಲ್ಲ. ಹೇಮಾವತಿ ತೀರದ ಈ ಇತಿಹಾಸವನ್ನು ಅಳೆಯಲು ಅದೇ ಸರಿಯಾದ ಅಳತೆಗೋಲು: ನಿಯಮ ಬಿಗಿದಾಗಲೂ ಸಡಿಲಿಸಿದಾಗಲೂ ನೆರಳು ಸಿಕ್ಕಿದ್ದು ಯಾರಿಗೆ, ಬಿಸಿಲಲ್ಲಿ ಉಳಿದವರು ಯಾರು?