ಈಸ್ಟರ್ ಆಚರಣೆಗಳ ಮೂಲ

ಕ್ರಿಸ್ತನ ಪುನರುತ್ಥಾನವನ್ನು ಸ್ಮರಿಸುವ ಈಸ್ಟರ್ ಹಬ್ಬದೊಡನೆ ಯೂರೋಪಿನಲ್ಲಿ ಬಣ್ಣದ ಮೊಟ್ಟೆ, ಮೊಟ್ಟೆಯನ್ನು ತರುವ ಮೊಲ ಮೊದಲಾದ ಆಚರಣೆಗಳು ಬೆಳೆದು ಬಂದಿವೆ. ಇವೆಲ್ಲ ಕ್ರೈಸ್ತಪೂರ್ವ ವಸಂತದೇವತೆಯೊಬ್ಬಳ ಆರಾಧನೆಯ ಅವಶೇಷಗಳೆಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಇದಕ್ಕೆ ಆಧಾರವೆಷ್ಟೆಂಬುದು ವಿಚಾರಾರ್ಹವಾದುದು.

ಆ ದೇವತೆಯ ಉಲ್ಲೇಖ ದೊರೆಯುವುದು ಒಂದೇ ಒಂದು ಪ್ರಾಚೀನ ಗ್ರಂಥದಲ್ಲಿ. ನಾರ್ಥಂಬ್ರಿಯಾದ ಸಂನ್ಯಾಸಿ ಬೀಡ್ ಕ್ರಿ. ಶ. 725ರಲ್ಲಿ ಕಾಲಗಣನೆಯನ್ನು ಕುರಿತು ರಚಿಸಿದ ಲ್ಯಾಟಿನ್ ಕೃತಿಯಲ್ಲಿ, ಏಪ್ರಿಲಿಗೆ ಹೊಂದುವ ಮಾಸವನ್ನು ಆಂಗ್ಲರು ಹಿಂದೆ ಈಯೋಸ್ಟ್ರೆ ಎಂಬ ದೇವತೆಯ ಹೆಸರಿನಿಂದ ಕರೆಯುತ್ತಿದ್ದರೆಂದೂ ಆ ಹೆಸರೇ ಹಬ್ಬಕ್ಕೂ ಸಂದಿತೆಂದೂ ಹೇಳಿದ್ದಾನೆ. ಮೊಟ್ಟೆಯ ಮಾತಾಗಲಿ ಮೊಲದ ಮಾತಾಗಲಿ ಅಲ್ಲಿಲ್ಲ. 1835ರಲ್ಲಿ ಯಾಕೊಬ್ ಗ್ರಿಮ್ ಇದನ್ನು ನಂಬಿ ಓಸ್ಟಾರಾ ಎಂಬ ಜರ್ಮನ್ ದೇವತೆಯನ್ನು ಕಲ್ಪಿಸಿದನು. 1874ರಲ್ಲಿ ಆಡೋಲ್ಫ್ ಹೋಲ್ಟ್ಸ್‌ಮನ್ ಮೊಲವೂ ಆಕೆಗೆ ಸೇರಿದುದಾಗಿರಬಹುದೆಂದನು. ಊಹೆಯ ಮೇಲೆ ಊಹೆ ಬೆಳೆದು, ಮುಂದಿನವರ ಲೇಖನಿಯಲ್ಲಿ ಅದೇ ಇತಿಹಾಸವಾಯಿತು. 1958ರಲ್ಲಿ ಜರ್ಮನಿಯ ಮೋರ್ಕೆನ್-ಹಾರ್ಫ್‌ನಲ್ಲಿ ದೊರೆತ ನೂರೈವತ್ತಕ್ಕೂ ಹೆಚ್ಚು ಶಾಸನಗಳಲ್ಲಿ ಆಸ್ಟ್ರಿಯಾಹೆನೆ ಎಂಬ ಮಾತೃದೇವತೆಗಳ ಹೆಸರಿದೆ. ಇದರಿಂದ ಬೀಡನ ಮಾತಿಗೆ ಸ್ವಲ್ಪ ಬಲ ಬಂದೀತು. ಮೊಟ್ಟೆಗೂ ಮೊಲಕ್ಕೂ ಬಾರದು.

ಮೊಟ್ಟೆಯ ಕಾರಣ ಹೆಚ್ಚು ಸರಳವಾದುದು. ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಉಪವಾಸದಲ್ಲಿ ಮಧ್ಯಯುಗದ ಕ್ರೈಸ್ತರಿಗೆ ಮಾಂಸದಂತೆ ಮೊಟ್ಟೆಯೂ ನಿಷಿದ್ಧವಾಗಿತ್ತು. ಕೋಳಿಗಳಿಗೆ ವ್ರತವಿಲ್ಲ, ಕೂಡಿಬಿದ್ದ ಮೊಟ್ಟೆಗಳು ಹಬ್ಬದ ದಿನ ಉಡುಗೊರೆಯಾದುವು. 1290ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡನ ಅರಮನೆಯ ಲೆಕ್ಕದಲ್ಲಿ 450 ಮೊಟ್ಟೆಗಳಿಗೆ 18 ಪೆನ್ಸ್ ವೆಚ್ಚ ಬರೆದಿದೆ. ಪೌರಸ್ತ್ಯ ಕ್ರೈಸ್ತರು ಮೊಟ್ಟೆಯ ಕೆಂಪನ್ನು ಕ್ರಿಸ್ತನ ರಕ್ತದ ಸಂಕೇತವೆಂದು ಭಾವಿಸಿದರು. ಮೊಲವಾದರೋ ಇನ್ನೂ ಈಚಿನದು. 1682ರಲ್ಲಿ ವೈದ್ಯ ಗೇಯೊರ್ಗ್ ಫ್ರಾಂಕ್ ಫಾನ್ ಫ್ರಾಂಕೆನೌ ಅದನ್ನು ಆಲ್ಸಾಸ್ ಮೊದಲಾದ ಸೀಮೆಗಳಲ್ಲಿ ಮಕ್ಕಳಿಗೆ ಹೇಳುವ ಕಥೆಯೆಂದು ದಾಖಲಿಸಿದ್ದಾನೆ. ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಕ್ಕೆ ವಲಸೆ ಹೋದ ಜರ್ಮನರು ಆ ಕಥೆಯನ್ನೂ ಕೊಂಡೊಯ್ದರು.

ದೇವತೆಯ ಶಂಕೆ ಹುಟ್ಟಿದುದು ಇಂಗ್ಲಿಷ್ ಮತ್ತು ಜರ್ಮನ್ ಹೆಸರುಗಳಿಂದ. ಉಳಿದ ಬಹುತೇಕ ಯೂರೋಪೀಯ ಭಾಷೆಗಳಲ್ಲಿ ಹಬ್ಬದ ಹೆಸರು ಯೆಹೂದ್ಯರ ‘ಪೆಸಾಖ್’ನಿಂದ ಬಂದುದು. ಮಂಗಳೂರಿನ ಕೊಂಕಣಿ ಕ್ರೈಸ್ತರ ‘ಪಾಸ್ಕಾಂಚೆಂ ಫೆಸ್ತ್’ ಎಂಬುದರಲ್ಲಿಯೂ ಪೋರ್ಚುಗೀಸರ ಮೂಲಕ ಬಂದ ಅದೇ ಶಬ್ದ ಉಳಿದಿದೆ. ಶಬ್ದದ ವಯಸ್ಸು ಬೇರೆ, ಆಚರಣೆಯ ವಯಸ್ಸು ಬೇರೆ. ಒಂದು ಸಮಾಜದ ಹಬ್ಬವನ್ನು ಪರರ ಸೊತ್ತೆಂದು ಸಾರುವ ಮುನ್ನ ಈ ವಿವೇಕ ಅವಶ್ಯಕ.