ಟಾಟಾ ರೇಷ್ಮೆ ಕ್ಷೇತ್ರಕ್ಕೆ ದೊರೆತ ವಾರ್ಷಿಕ ಸಹಾಯಧನ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ರೇಷ್ಮೆಯ ಚರಿತ್ರೆಯನ್ನು ಬರೆಯುವವರು ಟೀಪೂ ಸುಲ್ತಾನನಿಂದ ಆರಂಭಿಸಿ ಸರ್ಕಾರದ ರೇಷ್ಮೆ ಇಲಾಖೆಗೆ ಒಮ್ಮೆಲೇ ಬಂದುಬಿಡುವುದು ರೂಢಿಯಾಗಿದೆ. ಇವೆರಡರ ನಡುವೆ ಬೆಂಗಳೂರಿನಲ್ಲಿ ನಡೆದ ಒಂದು ಪ್ರಯೋಗವು ವಿಶೇಷ ಪರಿಶೀಲನೆಗೆ ಅರ್ಹವಾಗಿದೆ.

೧೮೬೬ರ ಸುಮಾರಿಗೆ ಡಿ ವೆಕ್ಕಿ ಎಂಬ ಇಟಲಿಯವನು ಜಪಾನಿನಿಂದ ಮೊಟ್ಟೆಗಳನ್ನು ತರಿಸಿ, ಕೆಂಗೇರಿಯಲ್ಲಿ ನೂಲು ಬಿಚ್ಚುವ ಕಾರ್ಖಾನೆಯನ್ನು ಸ್ಥಾಪಿಸಿದನು. ಅದು ಬಹುಕಾಲ ಬಾಳಲಿಲ್ಲ. ಅದು ಬಂಡವಾಳದ ಉದ್ಯಮ. ರೈತನಿಗೆ ವಿದ್ಯೆಯನ್ನು ಕಲಿಸುವುದು ಅದರ ಉದ್ದೇಶವಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ತೆರೆದ ರೇಷ್ಮೆ ಕ್ಷೇತ್ರದ ಉದ್ದೇಶವು ಇದಕ್ಕಿಂತ ಭಿನ್ನವಾಗಿತ್ತು. ಜಪಾನಿನಿಂದ ಬಂದ ಓಡ್ಜು ದಂಪತಿಗಳು ಅದರ ಮೇಲ್ವಿಚಾರಕರಾಗಿದ್ದರು. ಹಿಪ್ಪುನೇರಳೆಯ ವ್ಯವಸಾಯ, ಹುಳುವಿನ ಸಾಕಣೆ, ಸೂಕ್ಷ್ಮದರ್ಶಕದಿಂದ ಮೊಟ್ಟೆಯ ರೋಗಪರೀಕ್ಷೆ, ನೂಲು ಬಿಚ್ಚುವಿಕೆ ಇವುಗಳನ್ನು ಶಿಷ್ಯರಿಗೆ ಅಲ್ಲಿ ಕಲಿಸಲಾಗುತ್ತಿತ್ತು. ಮೈಸೂರು ಸರ್ಕಾರವು ಭೂಮಿಯನ್ನೂ ವರ್ಷಕ್ಕೆ ೩,೦೦೦ ರೂಪಾಯಿಗಳ ಸಹಾಯಧನವನ್ನೂ ಕೊಟ್ಟಿತು.

ಈ ಮೊತ್ತವು ದೊಡ್ಡದೇನಲ್ಲ. ಆದರೆ ಅದರ ಸ್ವರೂಪವನ್ನು ಗಮನಿಸಬೇಕು. ಕಟ್ಟಡಕ್ಕೆ ಒಮ್ಮೆ ಹಣ ಕೊಟ್ಟು ಶಿಲಾಫಲಕದಲ್ಲಿ ಹೆಸರು ಕೆತ್ತಿಸಿಕೊಳ್ಳುವ ದಾನಿಗಳು ಎಲ್ಲ ಕಾಲದಲ್ಲಿಯೂ ದೊರೆಯುತ್ತಾರೆ. ಬೋಧಕನ ಸಂಬಳಕ್ಕೆ, ಹುಳುವಿನ ಸೊಪ್ಪಿಗೆ, ಲೆಕ್ಕ ಬರೆಯುವವನಿಗೆ ವರ್ಷವರ್ಷವೂ ಕೊಡುವವರು ವಿರಳ. ೧೯೦೪ರಲ್ಲಿ ಟಾಟಾ ಅವರು ಕಾಲವಾದ ಮೇಲೂ ಕ್ಷೇತ್ರವು ನಡೆದುಬಂದಿತು. ೧೯೧೦ರಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆ ಅದರ ಆಡಳಿತವನ್ನು ವಹಿಸಿಕೊಂಡಿತು. ದಾತನ ಮರಣಾನಂತರವೂ ಒಂದು ಧರ್ಮಸಂಸ್ಥೆಗೆ ಒಪ್ಪಿಸಿಕೊಡುವಷ್ಟು ವ್ಯವಸ್ಥೆ ಅಲ್ಲಿ ಉಳಿದಿದ್ದುದಕ್ಕೆ ಈ ನಿಯತವಾದ ಸಹಾಯವೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಆದರೂ ಈ ಏರ್ಪಾಡಿನ ಮಿತಿಯನ್ನು ಮರೆಯಲಾಗದು. ಮೈಸೂರಿನ ನಾಟಿ ತಳಿಯ ಹುಳು ವರ್ಷಕ್ಕೆ ಹಲವು ಬೆಳೆ ಕೊಡತಕ್ಕದ್ದು. ಒಂದು ಬೆಳೆಯ ಗೂಡು ಚಂದ್ರಿಕೆಯಿಂದ ಇಳಿಯುವಷ್ಟರಲ್ಲಿ ಮುಂದಿನ ಬೆಳೆಯ ಚಿಂತೆ. ಕನಕಪುರದ ಒಕ್ಕಲಿಗನು ತನ್ನ ತಟ್ಟೆಗಳನ್ನು ಹೆಂಡತಿಮಕ್ಕಳಿಗೆ ಒಪ್ಪಿಸಿ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಶಿಷ್ಯನಾಗಿರುವುದು ಸುಲಭವಾಗಿರಲಿಲ್ಲ. ಪೆಬ್ರಿನ್ ರೋಗವಾದರೋ ಅವನ ಮನೆಯಲ್ಲಿಯೇ ಇತ್ತು. ಸೋಂಕಿದ ಚಿಟ್ಟೆ ಇಟ್ಟ ಮೊಟ್ಟೆಯಲ್ಲಿಯೇ ರೋಗವು ಮುಂದುವರಿಯುವುದರಿಂದ, ಶುದ್ಧವಾದ ಬಿತ್ತನೆಯು ಅವನ ಊರಿನ ಸಮೀಪದಲ್ಲಿಯೇ ದೊರೆಯಬೇಕಾಗಿತ್ತು. ಸಂಸ್ಥೆಯೊಂದಕ್ಕೆ ಶಕ್ತಿ ಬಂದರೂ ಆ ಶಕ್ತಿಯು ಫಲಾನುಭವಿಯ ಬಾಗಿಲನ್ನು ಮುಟ್ಟಲು ಬೇರೊಂದು ಏರ್ಪಾಡು ಬೇಕು.

ಆ ಏರ್ಪಾಡು ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಬಂದಿತು. ೧೯೧೩–೧೪ರಲ್ಲಿ ಸರ್ಕಾರವು ರೇಷ್ಮೆಗಾಗಿ ಪ್ರತ್ಯೇಕ ಇಲಾಖೆಯನ್ನು ರಚಿಸಿತು. ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನು ಕರೆಯಿಸಿ ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರವನ್ನು ತೆರೆಯಿತು. ಹಿಂದೆ ಸಹಾಯಧನ ಕೊಟ್ಟು ಅನ್ಯರಿಂದ ಮಾಡಿಸುತ್ತಿದ್ದ ಕೆಲಸಕ್ಕೆ ಈಗ ಸರ್ಕಾರವೇ ಕೈಹಾಕಿತು. ಸೂಕ್ಷ್ಮದರ್ಶಕವು ಹುಳು ಸಾಕುವ ಊರುಗಳ ನಡುವೆಯೇ ಬಂದು ನಿಂತಿತು.