ತೈಕೊ ಮೇಳಗಳನ್ನು ಪೊರೆದ ಕೈಗಳು

ಜಪಾನಿನ ಡೋಲುಗಳಿಗೆ ತೈಕೊ ಎಂದು ಹೆಸರು. ಹತ್ತಾರು ಜನ ಒಟ್ಟಾಗಿ ನಿಂತು, ಇಡೀ ಮೈಯನ್ನು ಬಿಲ್ಲಿನಂತೆ ಬಾಗಿಸಿ ಅವನ್ನು ಬಾರಿಸುವುದನ್ನು ನೋಡಿದಾಗ, ಈ ಕಲೆ ಸಾವಿರ ವರ್ಷಗಳಿಂದ ಹೀಗೆಯೇ ನಡೆದುಬಂದಿದೆಯೆಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ವಾದ್ಯ ಪ್ರಾಚೀನವಾದದ್ದು ನಿಜ. ದೇಗುಲಗಳಲ್ಲಿ, ಊರಹಬ್ಬಗಳಲ್ಲಿ, ನೋ ಮತ್ತು ಕಬುಕಿ ರಂಗಭೂಮಿಗಳಲ್ಲಿ ಅದರ ಬಳಕೆ ಶತಮಾನಗಳಷ್ಟು ಹಳೆಯದು. ಆದರೆ ಡೋಲುಗಳೇ ಪ್ರಧಾನವಾಗಿ ವೇದಿಕೆಯೇರುವ ‘ಕುಮಿದೈಕೊ’ ಮೇಳದ ಆರಂಭವನ್ನು ಸಾಮಾನ್ಯವಾಗಿ 1951ಕ್ಕೆ ಗುರುತಿಸುತ್ತಾರೆ. ನಾಗಾನೊ ಪ್ರಾಂತ್ಯದ ಒಕಾಯ ಪಟ್ಟಣದ ಜಾಝ್ ವಾದಕ ದೈಹಾಚಿ ಒಗುಚಿ, ಸುವಾ ದೇಗುಲದ ಸಂಪ್ರದಾಯಕ್ಕೆ ಸೇರಿದ ಹಳೆಯದೊಂದು ಲಯಲಿಪಿಯನ್ನು ಬಿಡಿಸುತ್ತ, ಆ ಬಡಿತಗಳನ್ನು ಹಲವು ಗಾತ್ರದ ಡೋಲುಗಳಿಗೆ, ಹಲವು ಕೈಗಳಿಗೆ ಹಂಚಿದರು. ಇಷ್ಟು ಇತ್ತೀಚೆಗೆ ಹುಟ್ಟಿದ ಈ ಮೇಳಕ್ಕೆ ಅರಮನೆಯ ಆಶ್ರಯದ ಚರಿತ್ರೆಯಿಲ್ಲ. ಅದನ್ನು ಪೊರೆದವರು ಬಹುಪಾಲು ಸಾಮಾನ್ಯ ಜನ. ಆದ್ದರಿಂದ 2020ರಲ್ಲಿ ರಂಗಮಂದಿರಗಳು ಮುಚ್ಚಿ, ಮೇಳಗಳು ಆನ್‌ಲೈನ್‌ನಲ್ಲಿ ಬಾರಿಸಿ ದೇಣಿಗೆ ಕೋರಿದ್ದನ್ನು ಕೇವಲ ಸಂಕಟಕಾಲದ ಉಪಾಯವೆಂದು ನೋಡಲಾಗದು. ಅದು ಹಳೆಯ ರೂಢಿಯೊಂದರ ಹೊಸ ರೂಪ.

ಈ ರೂಢಿ ವಿಚಿತ್ರವಾಗಿ ಆರಂಭವಾದದ್ದು ಜಪಾನ್ ಸಮುದ್ರದ ಸಾದೊ ದ್ವೀಪದಲ್ಲಿ. 1969ರಲ್ಲಿ ದೆನ್ ತಗಾಯಸು ಎಂಬವರು ಯುವಕ ಯುವತಿಯರನ್ನು ಸೇರಿಸಿ ‘ಒಂದೆಕೊಜ’ ಎಂಬ ತಂಡವನ್ನು ಕಟ್ಟಿದರು. ಡೋಲು ಬಾರಿಸುವುದೇ ಅವರ ಗುರಿಯಾಗಿರಲಿಲ್ಲ. ಊರೂರು ತಿರುಗಿ ಪ್ರದರ್ಶನ ನೀಡಿ ಗಳಿಸಿದ ಹಣದಿಂದ ದ್ವೀಪದಲ್ಲಿ ಕುಶಲಕರ್ಮಿಗಳಿಗೊಂದು ವಿದ್ಯಾಲಯವನ್ನು ಕಟ್ಟಬೇಕೆಂಬುದು ಅವರ ಕನಸು. ಅಂದರೆ ಇಲ್ಲಿ ಕಲೆಯೇ ಮೊದಲು ದಾನಿಯಾಗಲು ಹೊರಟಿತು. ಕಠಿಣ ಸಹಜೀವನ, ದಿನವೂ ದೂರದ ಓಟ, ಬಳಿಕ ಡೋಲು. 1975ರಲ್ಲಿ ಬಾಸ್ಟನ್ ಮ್ಯಾರಥಾನ್ ಓಡಿ, ಓಟ ಮುಗಿದೊಡನೆ ಡೋಲು ಬಾರಿಸಿ ಅವರು ಅಮೆರಿಕವನ್ನು ಬೆರಗುಗೊಳಿಸಿದರು. ಕೊನೆಗೆ ನಾಯಕನಿಗೂ ತಂಡಕ್ಕೂ ಹೊಂದಿಕೆಯಾಗಲಿಲ್ಲ. 1981ರಲ್ಲಿ ದ್ವೀಪದಲ್ಲಿ ಉಳಿದವರು ಒಂದೆಕೊಜ ಎಂಬ ಹೆಸರನ್ನು ದೆನ್ ಅವರಿಗೇ ಬಿಟ್ಟುಕೊಟ್ಟು ‘ಕೊದೊ’ ಎಂಬ ಹೊಸ ತಂಡವಾಗಿ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ನೀಡಿದರು. ಆ ಪದಕ್ಕೆ ಎದೆಬಡಿತ, ಡೋಲಿನ ಮಗು ಎಂಬ ಎರಡು ಅರ್ಥಗಳಿವೆ. 1988ರಿಂದ ಅವರು ಸಾದೊದಲ್ಲಿ ‘ಅರ್ತ್ ಸೆಲೆಬ್ರೇಷನ್’ ಎಂಬ ಉತ್ಸವವನ್ನು ನಡೆಸುತ್ತ ಬಂದರು. ಲೋಕ ಸುತ್ತುವ ತಂಡವು ಲೋಕವನ್ನೇ ತನ್ನ ದ್ವೀಪಕ್ಕೆ ಕರೆತಂದು, ತನ್ನನ್ನು ಇರಗೊಟ್ಟ ಊರಿನ ಋಣವನ್ನು ಸಲ್ಲಿಸಿದ ಬಗೆಯೆಂದು ನಾವು ಇದನ್ನು ಓದಬಹುದು.

ಇದೇ ಕಾಲದಲ್ಲಿ ಸಾಗರದಾಚೆಯ ಕ್ಯಾಲಿಫೋರ್ನಿಯಾದಲ್ಲಿ ಮತ್ತೊಂದು ಕವಲು ಮೊಳೆಯಿತು. 1942ರಲ್ಲಿ, ಯುದ್ಧದ ಭೀತಿಯಲ್ಲಿ, ಅಮೆರಿಕದ ಸರ್ಕಾರ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿತ್ತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪೌರರೇ. ಬಿಡುಗಡೆಯಾದ ಮೇಲೆ ಹಲವು ಕುಟುಂಬಗಳು ಸದ್ದಿಲ್ಲದೆ ಬದುಕುವುದನ್ನೇ ಕ್ಷೇಮವೆಂದು ಭಾವಿಸಿದವು. ಮೂರನೆಯ ತಲೆಮಾರು ಸದ್ದನ್ನೇ ಆರಿಸಿಕೊಂಡಿತು. ಸೈಇಚಿ ತನಾಕ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೈಕೊ ಶಾಲೆಯನ್ನು ತೆರೆದರು. 1969ರಲ್ಲಿ ಲಾಸ್ ಏಂಜಲೀಸಿನ ಸೆನ್‌ಶಿನ್ ಬೌದ್ಧ ದೇಗುಲದಲ್ಲಿ, ಪಿತೃಗಳನ್ನು ನೆನೆಯುವ ಒಬೊನ್ ಹಬ್ಬದ ಬಳಿಕ ಕೆಲವರು ಡೋಲು ಬಾರಿಸುತ್ತ ಕುಳಿತದ್ದೇ ಕಿನ್ನರ ತೈಕೊ ಮೇಳಕ್ಕೆ ನಾಂದಿಯಾಯಿತು. ಬೌದ್ಧ ಪುರಾಣದ ಗಾಯಕರಾದ ಕಿನ್ನರರ ಹೆಸರದು, ನಮಗೂ ಪರಿಚಿತವಾದದ್ದು. 1973ರಲ್ಲಿ ಸ್ಯಾನ್ ಹೊಸೆಯ ಬೌದ್ಧ ದೇಗುಲದ ಯುವಜನರಿಂದ ಸ್ಯಾನ್ ಹೊಸೆ ತೈಕೊ ಹುಟ್ಟಿತು.

ಜಪಾನಿನಿಂದ ಡೋಲು ತರಿಸುವಷ್ಟು ಹಣ ಈ ಯುವಜನರಲ್ಲಿರಲಿಲ್ಲ. ಒಂದೇ ಮರದ ಬೊಡ್ಡೆಯನ್ನು ಕೊರೆದು, ವರ್ಷಗಟ್ಟಲೆ ಒಣಗಿಸಿ ಮಾಡುವ ವಾದ್ಯವದು. ಅವರು ದ್ರಾಕ್ಷಾರಸದ ಹಳೆಯ ಮರದ ಪೀಪಾಯಿಗಳನ್ನು ತಂದು, ಉಜ್ಜಿ, ಹಸುವಿನ ತೊಗಲನ್ನು ನೆನೆಸಿ ಎಳೆದು ಕಟ್ಟಿ ಮೊಳೆ ಹೊಡೆದರು. ಇಲ್ಲಿ ದೇಣಿಗೆಯೆಂದರೆ ದೇಗುಲ ಬಿಟ್ಟುಕೊಟ್ಟ ಜಾಗ, ಸಂಜೆಗಳು, ಮೈಬೆವರು. ಹೊರನಾಡಿನಲ್ಲಿ ಚಂದಾ ಎತ್ತಿ ಸಂಘಗಳನ್ನು ನಡೆಸಿದ ನಮ್ಮಂಥವರಿಗೆ ಈ ಲೆಕ್ಕ ಅಪರಿಚಿತವಲ್ಲ.

ಆದರೆ ಆಸರೆಯ ಲೆಕ್ಕದಲ್ಲಿ ಬಿಟ್ಟುಹೋಗುವ ಹೆಸರುಗಳೂ ಇವೆ. ಜಪಾನಿನಲ್ಲಿ ತೊಗಲನ್ನು ಹದಮಾಡುವ ಕೆಲಸ ಬಹುಕಾಲ ಬುರಾಕು ಸಮುದಾಯದ ಪಾಲಿನದಾಗಿತ್ತು. ಅವರು ಕಟ್ಟಿದ ಡೋಲು ದೇಗುಲದೊಳಗೆ ಪವಿತ್ರ. ಅದನ್ನು ಕಟ್ಟಿದವರು ಮಾತ್ರ ಮೈಲಿಗೆ. 1871ರ ಶಾಸನ ಆ ಹೀನ ದರ್ಜೆಯನ್ನು ಕಾಗದದ ಮೇಲೆ ಅಳಿಸಿತು. ಮದುವೆಯಲ್ಲಿ, ಉದ್ಯೋಗದಲ್ಲಿ ಅದು ಉಳಿಯಿತು. ಒಸಾಕದ ನನಿವಾ ಡೋಲು ತಯಾರಿಕೆಗೆ ಹೆಸರಾದ ಕೇರಿ. ತಲೆಮಾರುಗಳಿಂದ ಪರರಿಗೆ ಡೋಲು ಮಾಡಿಕೊಟ್ಟ ಅಲ್ಲಿಯ ಯುವಜನರು 1987ರಲ್ಲಿ ತಾವೇ ಬಾರಿಸಲು ಮುಂದಾದರು. ತಮ್ಮ ಮೇಳಕ್ಕೆ ಅವರಿಟ್ಟ ಹೆಸರು ‘ಇಕಾರಿ’, ಎಂದರೆ ಕ್ರೋಧ. ತೈಕೊವನ್ನು ಯಾರು ಉಳಿಸಿದರು ಎಂಬ ಪ್ರಶ್ನೆಗೆ ಈ ಕೇರಿಯನ್ನು ಬಿಟ್ಟು ಹೇಳುವ ಯಾವ ಉತ್ತರವೂ ಪೂರ್ಣವಲ್ಲ.

ಇಷ್ಟು ಹಿನ್ನೆಲೆಯೊಡನೆ 2020ಕ್ಕೆ ಬರೋಣ. ಟಿಕೆಟ್ಟು, ತರಗತಿ, ಹಬ್ಬದ ಆಹ್ವಾನ: ಈ ಮೂರು ವರಮಾನಗಳೂ ಒಮ್ಮೆಲೇ ನಿಂತವು. ಬಾಡಿಗೆ ನಿಲ್ಲಲಿಲ್ಲ. ಆ ವರ್ಷ ಸಾದೊದ ಉತ್ಸವವೇ ಆನ್‌ಲೈನ್‌ಗೆ ಸರಿಯಿತು. ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಮೇಳಗಳು ಪರದೆಯ ಮೇಲೆ ಪಾಠ ಹೇಳಿದವು, ಕಛೇರಿ ನಡೆಸಿದವು, ಶಕ್ತ್ಯನುಸಾರ ಕೊಡಿರೆಂದು ಕೇಳಿದವು. ಅಪಾರ್ಟ್‌ಮೆಂಟಿನ ಗೋಡೆಗಳ ನಡುವೆ ಡೋಲು ಬಾರಿಸಲಾಗದ ವಿದ್ಯಾರ್ಥಿಗಳು ದಿಂಬು, ಹಳೆಯ ಟಯರುಗಳ ಮೇಲೆ ಅಭ್ಯಾಸ ಮಾಡಿದರು.

ಕಲೆಯ ದೃಷ್ಟಿಯಿಂದ ಈ ಮಾಧ್ಯಮ ತೈಕೊಗೆ ಒಗ್ಗುವಂಥದ್ದಲ್ಲ. ದೊಡ್ಡ ಡೋಲಿನ ಮಂದ್ರನಾದವನ್ನು ನಾವು ಕಿವಿಯಷ್ಟೇ ಎದೆಗೂಡಿನಿಂದಲೂ ಕೇಳುತ್ತೇವೆ. ಫೋನಿನ ಪುಟ್ಟ ಸ್ಪೀಕರು ಅದನ್ನು ಹೊರಲಾರದು. ಅದಕ್ಕಿಂತ ಮಿಗಿಲಾದ ತೊಡಕು ಕಾಲದ್ದು. ಎರಡು ಬಡಿತಗಳ ನಡುವಿನ ಜೀವಂತ ಬಿಡುವನ್ನು ಜಪಾನಿಯರು ‘ಮಾ’ ಎನ್ನುತ್ತಾರೆ. ಅಂತರ್ಜಾಲದ ಕ್ಷಣಮಾತ್ರದ ವಿಳಂಬವೂ ಆ ಬಿಡುವನ್ನು ಕೆಡಿಸುತ್ತದೆ. ಆದ್ದರಿಂದ ಬೇರೆಬೇರೆ ಮನೆಗಳಲ್ಲಿದ್ದವರು ಒಟ್ಟಿಗೆ ಬಾರಿಸಲಾರದೆ, ತಮ್ಮ ತಮ್ಮ ಪಾಲನ್ನು ಒಂಟಿಯಾಗಿ ಬಾರಿಸಿ ಕಳುಹಿಸಿದರು. ಯಾರೋ ಒಬ್ಬರು ಅವನ್ನು ಹೊಲಿದು ಒಂದಾಗಿಸಿದರು.

ಆದರೂ ಜನ ಕೊಟ್ಟರು. ಯಾತಕ್ಕಾಗಿ? ನಾದಕ್ಕಾಗಿ ಮಾತ್ರ ಆಗಿದ್ದರೆ ಹಳೆಯ ಧ್ವನಿಮುದ್ರಿಕೆಗಳೇ ಸಾಕಿದ್ದವು. ನಮಗೆ ತೋರುವಂತೆ, ಕೊಟ್ಟವರು ಕಛೇರಿಯ ಬೆಲೆಯನ್ನು ತೆತ್ತದ್ದಲ್ಲ. ಅಭ್ಯಾಸದ ಅಂಗಳ ಮುಚ್ಚದಿರಲಿ, ಮೇಳ ಚದುರದಿರಲಿ ಎಂದು ಹಾರೈಸಿದರು. ಚದುರಿದ ಮೇಳವನ್ನು ಮತ್ತೆ ಕೂಡಿಸುವುದು ಹರಿದ ತೊಗಲನ್ನು ಬದಲಿಸಿದಷ್ಟು ಸುಲಭವಲ್ಲ. ದೇಣಿಗೆಗೂ ಮಿತಿಯಿದೆ, ಹೆಸರಾದ ತಂಡಕ್ಕೆ ದೂರದ ಅಭಿಮಾನಿಗಳು ಒದಗುತ್ತಾರೆ, ಸಣ್ಣ ಊರಿನ ಮೇಳಕ್ಕೆ ಅದರ ಬೀದಿಯವರೇ ಗತಿ. ಒಂದು ಕಲೆಯ ಚರಿತ್ರೆ ಬರೆಯುವಾಗ ನಾವು ವಾದಕರ ಹೆಸರುಗಳನ್ನು ಪೋಣಿಸಿ ಸುಮ್ಮನಾಗುತ್ತೇವೆ. ಜಾಗ ಬಿಟ್ಟವರು, ಪೀಪಾಯಿ ಉಜ್ಜಿದವರು, ತೊಗಲು ಹದಮಾಡಿದವರು, ಪರದೆಯ ಈಚೆಯಿಂದ ನೂರು ಯೆನ್ ಕಳುಹಿಸಿದವರು ಕೂಡ ಆ ಮೇಳದವರೇ.